ಹವಾಮಾನ ಕಾಲಂ

ಏಳನೇ ಪುಟ ನನ್ನದು.
ರಾತ್ರಿ ಹನ್ನೊಂದರ ಮೇಲೆ, ತಾರಿಹಾಳದ ಪ್ರೆಸ್ಸಿಗೆ ಹೋಗುವ ಮುಂಚೆ
ಒತ್ತು, ದೀರ್ಘ, ಸೊನ್ನೆಗಳ ಲೆಕ್ಕ ಒಪ್ಪಿಸುವವಳು.
ಕೆಂಪು ಪೆನ್ನು ನನ್ನದೇ, ಕಂಪನಿಯದಲ್ಲ.

ಏಜೆನ್ಸಿಯಿಂದ ಸಾಲು ಹೀಗೆ ಬಂದಿತ್ತು:
‘ಕಣಿವೆಯಲ್ಲಿ ಗುಂಡು ತಗುಲಿ ಇಬ್ಬರ ಸಾವು.’
ಕಾಗುಣಿತ ಸರಿ ಇದೆ.
ತಗುಲಿತು, ದೃಷ್ಟಿ ತಗುಲಿದ ಹಾಗೆ,
ಹೊಸ್ತಿಲು ಕಾಲಿಗೆ ತಗುಲಿದ ಹಾಗೆ.
ಎಂಟು ವರ್ಷ ಹೈಸ್ಕೂಲಿನಲ್ಲಿ ವ್ಯಾಕರಣ ಕಲಿಸಿದ ಕೈ
ಅಂಚಿನಲ್ಲಿ ಬರೆಯಿತು: ಕರ್ತೃಪದ ಎಲ್ಲಿ?
ಮುಳಗುಂದ ಸರ್ ಕನ್ನಡಕ ಹಣೆಗೇರಿಸಿದರು.
‘ಅಕ್ಕಾರ, ನಿಮ್ಮ ಕೆಲಸ ಕಾಗುಣಿತ.
ಅಂವ ಬ್ಯಾರೆ ಪುಟದಾಗ ಇರ್ತಾನ ಬಿಡ್ರಿ.’
ಹುಡುಕಿದೆ. ಬೇರೆ ಪುಟದಲ್ಲಿ ಸಿಮೆಂಟಿನ ಜಾಹೀರಾತಿತ್ತು.

ಚಳಿಗಾಲಕ್ಕೆ ಬರುತ್ತಾನೆ ಮುಷ್ತಾಕ್ ರಾಥರ್,
ಗಣೇಶಪೇಟೆಯ ಲಾಡ್ಜಿನಲ್ಲಿ ಕೋಣೆ,
ಸ್ಕೂಟರಿನ ಹಿಂದೆ ಶಾಲಿನ ಗಂಟು.
ಹದಿನಾಲ್ಕು ಚಳಿಗಾಲ ಮನೆಮನೆ ತಿರುಗಿ ಕಲಿತ ಕನ್ನಡ:
‘ಬರೇ ಮುಟ್ಟಿ ನೋಡ್ರಿ ಬಾಯಾರ, ತಗೋಬ್ಯಾಡ್ರಿ.’
ನಾವು ಕಿವಿಗೆ ಮಫ್ಲರ್ ಸುತ್ತುವ ಹೊತ್ತಿಗೆ
ಅವನು ಅಂಗಿಯ ತೋಳು ಮಡಚುತ್ತಾನೆ.

ತಮ್ಮ ಅಲ್ಲಿ ಒಂದು ವಾರಪತ್ರಿಕೆಗೆ ಫೋಟೋ ತೆಗೆಯುತ್ತಿದ್ದ.
ಪತ್ರಿಕೆ ಈಗಿಲ್ಲ. ಬಾಗಿಲಿದೆ, ಬೀಗವಿದೆ, ಬೀಗದ ಮೇಲೆ ಅರಗು.
ಪ್ರತಿ ಸೋಮವಾರ ತಮ್ಮನಿಗೆ ಠಾಣೆಯಲ್ಲಿ ಹಾಜರಿ.
ಕ್ಯಾಮೆರಾ ಅವರ ಕಪಾಟಿನಲ್ಲಿ.
ಗಾಜಿನಾಚೆ ಅದನ್ನೊಮ್ಮೆ ನೋಡಿ,
ಸಹಿ ಮಾಡಿ ಬರುತ್ತಾನಂತೆ.

ಫೋನಿನಲ್ಲಿ ಅಣ್ಣತಮ್ಮ ಬರೀ ಹವಾಮಾನ ಮಾತಾಡುತ್ತಿದ್ದರು.
‘ಮೋಡ’ ಅಂದರೆ ಮನೆ ಮುಂದೆ ಜೀಪು.
‘ಹಿಮ ಬಿತ್ತು’ ಅಂದರೆ ರಾತ್ರಿ ಒಳಗೆ ಬಂದು
ಅಕ್ಕಿಯ ಡಬ್ಬಿಯನ್ನೂ ಬೋರಲು ಹಾಕಿ ಹೋದರು.
‘ಬಿಸಿಲು’ ಅಂದರೆ ಬಿಸಿಲಷ್ಟೆ.
ಕದ್ದು ಕೇಳುವವರಿಗೂ ಗೊತ್ತಿತ್ತೇನೋ.
ಹದಿನೇಳು ದಿನವಾಯಿತು, ಮೋಡವೂ ಇಲ್ಲ.
ಜಿಲ್ಲೆಗೆ ಜಿಲ್ಲೆಯೇ ಫೋನು ಸತ್ತಿದೆ.

‘ಪೇಪರಿನ್ಯಾಗ ಏನರ ಐತೇನ್ರಿ?’
ಕೊಪ್ಪೀಕರ್ ರಸ್ತೆಯ ಗೇಟಿನಲ್ಲಿ ನಿಂತು ಕೇಳುತ್ತಾನೆ.
ಏನು ಹೇಳಲಿ. ಆ ಇಬ್ಬರಿಗೂ ಹೆಸರಿತ್ತು, ನಾಲ್ಕನೇ ಪ್ಯಾರಾದಲ್ಲಿ.
ಸಿಮೆಂಟಿಗೆ ಜಾಗ ಸಾಲಲಿಲ್ಲ.
ಎಲ್ಲಿ ಕತ್ತರಿಸಿದರೆ ವಾಕ್ಯ ಮುರಿಯುವುದಿಲ್ಲ ಎಂದು
ತೋರಿಸಿಕೊಟ್ಟವಳು ನಾನೇ.
ಅವನ ತಮ್ಮನ ಹೆಸರಲ್ಲ. ಎರಡು ಸಲ ನೋಡಿದ್ದೆ.
ಅಷ್ಟು ಹೇಳಿದೆ.

ಕರ್ಫ್ಯೂ ನನಗೆ ಗೊತ್ತಿಲ್ಲದ್ದಲ್ಲ.
ಆರನೇ ಇಯತ್ತೆಯಲ್ಲಿದ್ದಾಗ ನಮ್ಮ ಓಣಿಗೂ ಬಂದಿತ್ತು.
ನಾಲ್ಕು ದಿನ ಹಾಲಿಲ್ಲದ ಚಹಾ. ಕಿಟಕಿಗೆ ಅವ್ವ ಕಟ್ಟಿದ ಕೌದಿ.
ಐದನೇ ದಿನ ಪೇಪರು ಬಂತು: ‘ಹುಬ್ಬಳ್ಳಿ ಶಾಂತ.’
ಅಪ್ಪ ಜೋರಾಗಿ ಓದಿ
ಎದುರು ಮನೆಯ ಕದ ನೋಡಿದ.
ಆ ಕದ ಆಮೇಲೆ ಅವರಿಗಾಗಿ ತೆರೆಯಲೇ ಇಲ್ಲ,
ಹೊಸ ಬಾಡಿಗೆದಾರರಿಗೆ ತೆರೆಯಿತು.

ಪುಟದ ಬುಡಕ್ಕೆ, ಎಡಕ್ಕೆ,
ಅಂಚೆಚೀಟಿಯಷ್ಟು ಜಾಗದಲ್ಲಿ ನಿನ್ನೆಯ ಕನಿಷ್ಠ ಉಷ್ಣಾಂಶ.
ಧಾರವಾಡ 13.6. ಗದಗ 14.8. ಶ್ರೀನಗರ 4.2.
ಮೈನಸ್ ಬಿದ್ದುಹೋಗಿತ್ತು.
ಇರುವೆಯ ಕಾಲಿನಷ್ಟು ಗೆರೆ.
ಹಾಕಿದೆ, ಕೆಂಪಿನಲ್ಲಿ, ಸುತ್ತ ಒಂದು ವೃತ್ತ.
ಮುಳಗುಂದ ಸರ್ ಇದಕ್ಕೆ ಏನೂ ಅನ್ನಲಿಲ್ಲ.

ಬೆಳಿಗ್ಗೆ ಅವನು ಪೇಪರನ್ನು ಸೀಟಿನ ಮೇಲೆ ಹಾಸಿದ.
ಅಂಕಿ ಮಾತ್ರ ಓದಲು ಬರುತ್ತದೆ. ಊರು ನಾನು ತೋರಿಸಿದೆ.
‘ಇದು ಅಲ್ಲಿಂದನ ಬಂತೇನ್ರಿ?’
ಹೂಂ.
‘ಫೋನ್ ಬಂದ್, ಪೇಪರ್ ಬಂದ್, ರಸ್ತಾ ಬಂದ್.
ಮತ್ತ ಈ ಥಂಡಿ ಹೆಂಗ ಹೊರಗ ಬಂತ್ರಿ?’

ನನಗೆ ವ್ಯಾಕರಣ ಗೊತ್ತು, ಉತ್ತರ ಗೊತ್ತಿರಲಿಲ್ಲ.
ಅವನು ಆ ಗೆರೆಯ ಮೇಲೆ ಬೆರಳಿಟ್ಟ,
ಹಾಗೇ ಇಟ್ಟುಕೊಂಡ.
‘ಒಳಗ ಇಟ್ಟಿದ್ರ, ಸ್ವೆಟರ್ ಕೊಟ್ಟಿರ್ತಾರೋ ಇಲ್ಲೋ.’

ಮೇಲಿನ ಮಹಡಿಯಿಂದ ಯಾರೋ ಕೂಗಿದರು:
‘ಏ ಶಾಲಿನವಾ, ಕರೀದು ಐತೇನ?’
‘ಐತ್ರಿ’ ಅಂದ.
ಗಂಟು ಬಿಚ್ಚಿದ.